ಹೂಜಿಯೊಳಗಿನ ಹೊಲಿಗೆ

ಬೆಳ್ಳಿ ಚಮಚಗಳನ್ನು ಒಂದೊಂದಾಗಿ ಬಿಸಿನೀರಿನಿಂದ ಎತ್ತಿ ಒರೆಸುತ್ತಿದ್ದೆ. ಮೊದಲು ಹಳೆಯ ಹತ್ತಿ ಬಟ್ಟೆ, ಆಮೇಲೆ ಮೆತ್ತನೆಯ ಚರ್ಮದ ತುಂಡು. ಒರೆಸಿದ್ದನ್ನು ಸದ್ದಾಗದಂತೆ ಬಟ್ಟೆಯ ಮೇಲೆ ಮಲಗಿಸಬೇಕು. ಒಂದಕ್ಕೊಂದು ತಾಗಿದರೆ ಗೀರು ಬೀಳುತ್ತದೆ.

ಕಿಟಕಿ ಪಕ್ಕದ ಕೆಲಸದ ಬೆಂಚಿನಲ್ಲಿ ದೊಡ್ಡಪ್ಪ ಒಂದು ಬಟ್ಟಲಿನ ಅಂಚು ಬಡಿಯುತ್ತಿದ್ದರು. ಅವರು ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಈ ಕೋಣೆಯಲ್ಲಿ ಯಾವತ್ತೂ ಸುತ್ತಿಗೆಯದೇ ಮಾತು.

ಚಿಕ್ಕಮ್ಮ ನಿನ್ನೆಯಿಂದ ಪೊಲೀಸ್ ಠಾಣೆಯಲ್ಲಿದ್ದಳು. ಮೂಲೆಮನೆ ಅಜ್ಜಿಯ ಹಳೆಯ ಬೆಳ್ಳಿ ಹೂಜಿ ಕದ್ದು, ಅದೇ ಜಾಗದಲ್ಲಿ ನಕಲಿ ತಂದಿಟ್ಟಳು ಅಂತ ಅಜ್ಜಿಯ ಮಗ ದೂರು ಕೊಟ್ಟಿದ್ದ. ಅಜ್ಜಿ ತೀರಿಹೋದಮೇಲೆ ಅವನು ಮಾರಲು ಒಯ್ದಾಗ ಕೊಳ್ಳುವವನು ನಕಲಿ ಅಂದಿದ್ದನಂತೆ. ಕೊನೆಯ ಎರಡು ವರ್ಷ ಅಜ್ಜಿಯನ್ನು ನೋಡಿಕೊಂಡ ನರ್ಸು ಚಿಕ್ಕಮ್ಮ. ಕಪಾಟಿನ ಬೀಗದ ಕೈ ಇದ್ದದ್ದು ಅವಳ ಸೊಂಟದಲ್ಲಿ.

ಕೊನೆಯ ಚಮಚ ಒರೆಸಿ, ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿದೆ.

"ಇಲಿಮರಿ," ಅಂದರು ದೊಡ್ಡಪ್ಪ, ಬಟ್ಟಲು ತಿರುಗಿಸುತ್ತಾ. ಸದ್ದಿಲ್ಲದೆ ಓಡಾಡುತ್ತೇನೆ ಅಂತ ಅವರು ಇಟ್ಟ ಹೆಸರು. "ಮುದ್ರೆಗೆ ಕೊಟ್ಟು ಬೇಗ ಬಾ."

"ಬರ್ತಾ ಠಾಣೆಗೂ ಹೋಗ್ತೀನಿ. ಚಿಕ್ಕಮ್ಮನಿಗೆ ಏನಾದ್ರೂ ಹೇಳ್ಬೇಕಾ?"

ಸುತ್ತಿಗೆ ನಿಂತಿತು.

"ಊಟ ಮಾಡಿದ್ಲಾ ಕೇಳು." ಮತ್ತೆ ಒಂದು ಏಟು ಬಿತ್ತು. "ನಾನು ಕೇಳ್ದೆ ಅನ್ಬೇಡ."

ಅವರಿಬ್ಬರೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ದೊಡ್ಡಪ್ಪ ಅಪ್ಪನ ಕಡೆ, ಚಿಕ್ಕಮ್ಮ ಅಮ್ಮನ ಕಡೆ. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ನಾನು ಯಾರ ಮನೆಯಲ್ಲಿ ಬೆಳೆಯಬೇಕು ಅಂತ ಜಗಳವಾಗಿ ಬಿಟ್ಟ ಮಾತು ಅದು. ಕೊನೆಗೆ ವಾರವೆಲ್ಲ ಇಲ್ಲಿ, ರಜೆಯ ದಿನ ಅಲ್ಲಿ ಅಂತಾಯಿತು. ಅಂದಿನಿಂದ ಅವರ ಮಾತುಗಳನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹೊರುವ ಕೆಲಸ ನನ್ನದು. ನನ್ನ ಸ್ವಂತ ಮಾತಿಗೆ ಯಾರೂ ಕಾಯುತ್ತಿರಲಿಲ್ಲ. ಹಾಗಾಗಿ ಅದು ಅಭ್ಯಾಸವೇ ಆಗಲಿಲ್ಲ.

*

ಪರೀಕ್ಷಾ ಕಚೇರಿಯಲ್ಲಿ ಊರಿನ ಎಲ್ಲ ಬೆಳ್ಳಿ ಕೆಲಸಗಾರರ ಮಾಲೂ ಬಂದು ಕೂರುತ್ತದೆ. ಶುದ್ಧವಿದ್ದರೆ ಮುದ್ರೆ ಒತ್ತಿ ಕೊಡುತ್ತಾರೆ, ಇಲ್ಲದಿದ್ದರೆ ಮುಖಕ್ಕೆ ಹೊಡೆದಂತೆ ವಾಪಸು. ಮುದ್ರೆ ಒತ್ತುವ ಪರೀಕ್ಷಕಿಗೆ ಎಲ್ಲರೂ ಹಿಂದಿನಿಂದ 'ಭೂತಗನ್ನಡಿ' ಅನ್ನುತ್ತಾರೆ. ಅವರಿಗೂ ಅದು ಗೊತ್ತು. ಕೊರಳಲ್ಲಿ ಸರದ ಬದಲು ಒಂದು ಮಸೂರ ನೇತಾಡುತ್ತಿರುತ್ತದೆ.

ಅಂದು ಅವರ ಮೇಜಿನ ಮೇಲೆ ಹೂಜಿ ಇತ್ತು. ಪಕ್ಕದಲ್ಲಿ ಕರವಸ್ತ್ರ ಹಿಡಿದ ಇನ್ಸ್‌ಪೆಕ್ಟರ್.

ನಾನು ಬಾಗಿಲಲ್ಲೇ ನಿಂತೆ. ಚಮಚದ ಗಂಟು ಕೊಟ್ಟು ಹೊರಟುಬಿಡಬೇಕು ಅಂದುಕೊಂಡಿದ್ದೆ.

"ಬಾ ಬಾ," ಅಂದರು ಪರೀಕ್ಷಕಿ. "ನಿನ್ನ ಕೈ ಬೇಕಿತ್ತು ನನಗೆ."

"ಮೇಡಂ, ಇವಳು ಆ ಹೆಂಗಸಿನ ಅಕ್ಕನ ಮಗಳು," ಅಂದರು ಇನ್ಸ್‌ಪೆಕ್ಟರ್.

"ಇರಲಿ. ಕೈ ಯಾರ ಮಗಳದ್ದಾದ್ರೇನು, ಒಳಗೆ ಹೋದ್ರೆ ಸಾಕು. ನಿಮ್ಮದು ಹೋಗುತ್ತಾ, ನೋಡಿ."

ಇನ್ಸ್‌ಪೆಕ್ಟರ್ ತಮ್ಮ ಕೈ ನೋಡಿಕೊಂಡರು. ಹೂಜಿಯ ಕತ್ತು ನೋಡಿದರು. ಕೈಯನ್ನು ಜೇಬಿಗೆ ಹಾಕಿಕೊಂಡರು.

"ಮೊದಲು ಇದನ್ನ ನೋಡಿ," ಅಂತ ಪರೀಕ್ಷಕಿ ಹೂಜಿಯನ್ನು ಬೋರಲು ಹಾಕಿದರು. ಗುಂಡು ಹೊಟ್ಟೆ, ಸಣ್ಣ ಕತ್ತು, ಕೆಳಗೆ ನಿಲ್ಲಲು ಬಳೆಯಂಥ ಕಾಲು. ತಳದಲ್ಲಿ ಸಾಲಾಗಿ ನಾಲ್ಕು ಮುದ್ರೆ. "ಈ ಸೂರ್ಯ ಅಂದ್ರೆ ಬೆಳ್ಳಿ ಶುದ್ಧ. ಹುಂಜ ಅಂದ್ರೆ ಯಾವ ಊರಿನ ಕಚೇರಿ ಅಂತ. ಅಕ್ಷರ ವರ್ಷಕ್ಕೆ. ಈ ಎಲೆ ಇದೆಯಲ್ಲ, ಇದು ಮಾಡಿದವನ ಗುರುತು. ಎಲೆಯವನು ಸತ್ತು ನೂರು ವರ್ಷದ ಮೇಲಾಯ್ತು."

"ಅಂದ್ರೆ ಹೂಜಿಗೂ ಗುರುತಿನ ಚೀಟಿ."

"ಹೂಂ. ನಿಮ್ಮ ಚೀಟಿಯಲ್ಲಿರೋ ಫೋಟೋಗಿಂತ ಸ್ಪಷ್ಟವಾಗಿದೆ."

ಅವರು ಬಗ್ಗಿ ತಳದ ಮೇಲೆ 'ಹಾ' ಅಂತ ಉಸಿರು ಬಿಟ್ಟರು. ಬೆಳ್ಳಿ ಮಂಜಾಯಿತು. ಆ ಮಂಜಿನಲ್ಲಿ, ನಾಲ್ಕೂ ಮುದ್ರೆಗಳ ಸುತ್ತ ಕೂದಲಿನಷ್ಟು ತೆಳ್ಳಗೆ ಒಂದು ದುಂಡು ಗೆರೆ ಎದ್ದು, ನೋಡುನೋಡುತ್ತಲೇ ಆರಿಹೋಯಿತು.

"ಕಾಣಿಸ್ತಾ?"

"ಇನ್ನೊಂದ್ಸಲ," ಅಂತ ಇನ್ಸ್‌ಪೆಕ್ಟರ್ ತಾವೇ ಬಗ್ಗಿದರು. ಉಸಿರು ಬಿಡಲು ಹೋಗಿ ಸೀನಿದರು.

"ಉಸಿರು ಅಂದೆ ಸಾರ್, ಜಲಾಭಿಷೇಕ ಅಲ್ಲ." ಪರೀಕ್ಷಕಿ ಬಟ್ಟೆಯಿಂದ ಒರೆಸಿದರು. "ಆ ಗೆರೆ ಬೆಸುಗೆಯದು. ಬೆಸುಗೆಯ ಮೇಲೆ ಮಂಜು ಕೂರೋ ರೀತಿಯೇ ಬೇರೆ. ಇನ್ನೊಂದು ನೋಡಿ. ಈ ಮುದ್ರೆಗಳು ಸವೆದಿವೆ. ಹೂಜಿ ನಿಲ್ಲೋದು ಕಾಲಿನ ಬಳೆ ಮೇಲೆ, ತಳ ಯಾವುದಕ್ಕೂ ತಾಗಲ್ಲ. ಹಾಗಿದ್ದ ಮೇಲೆ ಹೇಗೆ ಸವೀತು?"

ಅವರು ಕೈವಾರ ತೆಗೆದುಕೊಂಡರು. ಹುಂಜದ ಪಕ್ಕದಲ್ಲಿ ಸೂಜಿಮೊನೆಯಷ್ಟು ಒಂದು ಚುಕ್ಕೆ ಇತ್ತು. ಕೆಲಸಗಾರ ಅಳತೆ ಹಿಡಿಯಲು ನಟ್ಟನಡುವೆ ಒತ್ತುವ ಚುಕ್ಕೆ. ಕೈವಾರದ ಒಂದು ಕಾಲು ಅಲ್ಲಿಟ್ಟು ಇನ್ನೊಂದನ್ನು ಸುತ್ತಿಸಿದರು. ಅದು ಒಂದು ಕಡೆ ಬಳೆಗೆ ತಾಗಿತು, ಇನ್ನೊಂದು ಕಡೆ ದೂರವೇ ಉಳಿಯಿತು.

"ಇದು ಹೂಜಿಯ ನಡು ಅಲ್ಲ. ಬೇರೆ ಯಾವುದೋ ಪಾತ್ರೆಯ ನಡು."

"ಸರಿ, ಮುದ್ರೆ ನಕಲಿ ಅಂತ ಬರ್ಕೋತೀನಿ."

"ಬೇಡ. ಮುದ್ರೆ ಅಸಲಿ. ಹೂಜಿ ನಕಲಿ." ಅವರು ನನ್ನ ಕಡೆ ನೋಡಿದರು. "ಎಲೆಯವನೇ ಮಾಡಿದ ಯಾವುದೋ ಸಣ್ಣ ತಟ್ಟೆ ಸಿಕ್ಕಿದೆ. ದಿನಾ ಮೇಜಿನ ಮೇಲೆ ಉಜ್ಜಿ ಸವೆದದ್ದು. ಅದರ ಮುದ್ರೆ ಇರೋ ಭಾಗವನ್ನ ಬಿಲ್ಲೆ ಹಾಗೆ ಕತ್ತರಿಸಿ, ಹೊಸ ಹೂಜಿಯ ತಳಕ್ಕೆ ಕೂಡಿಸಿದ್ದಾರೆ. ಬಡಿತ ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ. ಬಾ, ಈ ಗವಸು ಹಾಕ್ಕೋ. ಒಳಗೆ ತಳದಲ್ಲಿ ಏನೋ ಮುಳ್ಳುಮುಳ್ಳಾಗಿದೆ. ಹಲ್ಲಿನ ಡಾಕ್ಟರ ಕನ್ನಡಿ ಬಿಟ್ಟು ನೋಡ್ದೆ, ಸರಿಯಾಗಿ ಕಾಣ್ತಿಲ್ಲ."

ತೆಳು ಗವಸಿನ ಕೈಯನ್ನು ಹೂಜಿಯ ಕತ್ತಿನಲ್ಲಿ ಇಳಿಸಿದೆ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿಕೊಂಡರೆ ನನ್ನ ಕೈ ಎಂಥ ಕತ್ತಿನಲ್ಲೂ ಇಳಿಯುತ್ತದೆ. ನಮ್ಮ ಅಂಗಡಿಗೆ ಬರುವ ಹೂಜಿ, ಚೆಂಬು, ಹೂದಾನಿ, ಒಳಗಿನ ಕೆಲಸವೆಲ್ಲ ನನ್ನ ಪಾಲಿಗೆ ಬರುವುದು ಅದಕ್ಕೇ.

ಒಳಗೆ ತಣ್ಣಗಿತ್ತು. ಬೆರಳ ತುದಿ ತಳಕ್ಕೆ ತಾಗಿತು.

ಹೊಲಿಗೆ.

ಎರಡು ಲೋಹದ ತುಂಡು ಬೆಸೆಯುವಾಗ ಅವು ಜಾರದಂತೆ ಉಳಿಯಿಂದ ಬೆಳ್ಳಿಯನ್ನೇ ಚೂರು ಚೂರು ಎಬ್ಬಿಸಿ ಹಿಡಿದು ನಿಲ್ಲಿಸುತ್ತಾರೆ. ಅದಕ್ಕೆ ಹೊಲಿಗೆ ಅನ್ನುತ್ತೇವೆ. ಎಲ್ಲ ಬೆಸುಗೆಯೂ ಮುಗಿಯುವವರೆಗೆ ಅದು ಇರಬೇಕು. ಮುಗಿದಮೇಲೆ ಅರದಿಂದ ಉಜ್ಜಿ ತೆಗೆಯಬೇಕು. ಎಲ್ಲರೂ ಬಿಡಿಬಿಡಿಯಾಗಿ ಹಾಕುತ್ತಾರೆ. ಇಲ್ಲಿದ್ದವು ಜೋಡಿ ಜೋಡಿ. ಒಂದು ಉದ್ದ, ಒಂದು ಗಿಡ್ಡ. ಮತ್ತೆ ಒಂದು ಉದ್ದ, ಒಂದು ಗಿಡ್ಡ. ಹೀಗೆ ಹಾಕುವ ಕೈ ನನಗೆ ಗೊತ್ತಿತ್ತು.

ಕಣ್ಣು ಮುಚ್ಚಿಕೊಂಡೆ. ಮುಚ್ಚಿದ್ದೂ ಗೊತ್ತಾಗಲಿಲ್ಲ.

"ಏನು ಸಿಕ್ತು?"

"ಹೊಲಿಗೆ ಇದೆ."

"ಅಂದ್ಕೊಂಡೆ. ಯಾವ ಕಡೆ ವಾಲಿವೆ? ಗಡಿಯಾರದ ಮುಳ್ಳು ಹೋಗೋ ಕಡೆಗಾ, ಎದುರಿಗಾ?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಚಿಕ್ಕಮ್ಮನಿಗೆ ಏನಾಗುತ್ತಿತ್ತೋ ನನಗೆ ತಿಳಿಯಲಿಲ್ಲ. ಬೆರಳು ಇನ್ನೂ ಅದರ ಮೇಲೇ ಇತ್ತು.

"ಎದುರಿಗೆ."

"ಎಡಚ," ಅಂದರು ಪರೀಕ್ಷಕಿ.

ಇನ್ಸ್‌ಪೆಕ್ಟರ್ ಚುರುಕಾದರು. "ಊರಲ್ಲಿ ಎಡಗೈಯಲ್ಲಿ ಕೆಲಸ ಮಾಡೋರು ಯಾರ್ಯಾರಿದ್ದಾರೆ?"

"ನನ್ನ ಕೌಂಟರಿಗೆ ಬಂದು ಸಹಿ ಹಾಕೋರೆಲ್ಲ ಬಲಗೈಯವರೇ ಸಾರ್. ಅವರ ಅಂಗಡಿಯೊಳಗೆ ನಾನು ಹೋಗಿ ನೋಡಿಲ್ಲ."

ದೊಡ್ಡಪ್ಪ ಬಲಗೈಯಲ್ಲಿ ಸಹಿ ಹಾಕುತ್ತಾರೆ. ಚಿಕ್ಕಂದಿನಲ್ಲಿ ಮೇಷ್ಟರು ಎಡಗೈಗೆ ಹೊಡೆದು ಹೊಡೆದು ಬಲಗೈಗೆ ಬರೆಯೋದು ಕಲಿಸಿದರಂತೆ. ಸುತ್ತಿಗೆ, ಉಳಿ ಹಿಡಿಯುವ ಕೈ ಬದಲಿಸಲು ಯಾರಿಂದಲೂ ಆಗಲಿಲ್ಲ. ಅದನ್ನು ನೋಡಲು ಆ ಬೆಂಚಿನ ಎದುರು ಕೂರಬೇಕು. ಕೂರುವವಳು ನಾನೊಬ್ಬಳೇ.

"ನಾಳೆ ಬೆಳಿಗ್ಗೆ ಆ ಹೆಂಗಸನ್ನ ಕೋರ್ಟಿಗೆ ಕಳಿಸ್ತೀನಿ," ಅಂದರು ಇನ್ಸ್‌ಪೆಕ್ಟರ್. "ಆಮೇಲೆ ಒಂದೊಂದೇ ಅಂಗಡಿ ಹತ್ತೋದು. ಇವಳು ಮಾಡಿಸಿದ್ದು, ಎಡಚ ಮಾಡಿಕೊಟ್ಟಿದ್ದು. ಮುಗೀತು."

ನನ್ನ ಬಾಯಿಂದ ಮಾತು ಹೊರಟದ್ದು ನನಗೇ ಆಶ್ಚರ್ಯ. "ಇದು ಯಾವಾಗ ಮಾಡಿದ್ದು ಅಂತ ಹೇಳೋಕಾಗುತ್ತಾ?"

ಇಬ್ಬರೂ ನನ್ನ ಕಡೆ ತಿರುಗಿದರು. ನೆಲ ನೋಡುತ್ತಲೇ ಮುಗಿಸಿದೆ. "ಚಿಕ್ಕಮ್ಮ ಆ ಮನೆಗೆ ಹೋಗೋದಕ್ಕೆ ಮುಂಚೆನೇ ಮಾಡಿದ್ರೆ, ಅವಳು ಕದ್ದ ಹಾಗಾಗಲ್ಲ."

ಪರೀಕ್ಷಕಿ ಹೂಜಿಯನ್ನು ನನ್ನ ಕೈಯಿಂದ ಬಿಡಿಸಿ ನೆಟ್ಟಗೆ ನಿಲ್ಲಿಸಿದರು.

"ಒಳ್ಳೇ ಪ್ರಶ್ನೆ. ಆದ್ರೆ ಇದನ್ನ ನೋಡಿ ಹೇಳೋಕಾಗಲ್ಲಮ್ಮ. ಸುಮ್ಮನೆ ಇಟ್ಟ ಬೆಳ್ಳಿ ಮೊದಲು ಹಳದಿ, ಆಮೇಲೆ ಕಂದು, ವರ್ಷಗಟ್ಟಲೆ ಬಿಟ್ರೆ ಇದ್ದಿಲಿನ ಹಾಗೆ ಕಪ್ಪಾಗುತ್ತೆ. ಇದನ್ನ ವಾರವಾರ ತಿಕ್ಕಿದ್ದಾರೆ. ನಿನ್ನ ಚಿಕ್ಕಮ್ಮ ಇಷ್ಟು ಚೊಕ್ಕ ಇರಬಾರದಿತ್ತು." ಮಸೂರವನ್ನು ಸೆರಗಿನಲ್ಲಿ ಒರೆಸಿದರು. "ಅಸಲಿ ಎಲ್ಲಾದ್ರೂ ಇದ್ದು, ಅಷ್ಟು ಕಾಲ ಯಾರೂ ಮುಟ್ಟದೇ ಇದ್ರೆ, ಅದರ ಕಪ್ಪು ನೋಡಿ ಹೇಳಬಹುದು. ಒಂದೆರಡು ವರ್ಷದ ಕಪ್ಪಿಗೂ ಹತ್ತಾರು ವರ್ಷದ ಕಪ್ಪಿಗೂ ಅಜಗಜಾಂತರ. ನಾನೇ ಬರೆದುಕೊಡ್ತೀನಿ, ಯಾವ ಕೋರ್ಟಿಗೆ ಬೇಕಾದ್ರೂ."

"ಅಸಲಿ ಎಲ್ಲಿರುತ್ತೆ ಮೇಡಂ, ಅವತ್ತೇ ಮಾರಿರ್ತಾರೆ," ಅಂದರು ಇನ್ಸ್‌ಪೆಕ್ಟರ್. ಮತ್ತೆ ಸೀನಿದರು.

*

ಠಾಣೆಯಲ್ಲಿ ಒಳಗೆ ಬಿಡಲಿಲ್ಲ. ಬಾಗಿಲಲ್ಲಿದ್ದ ವಯಸ್ಸಾದ ಕಾನ್‌ಸ್ಟೇಬಲ್ ಪಾಪ, "ಏನಾದ್ರೂ ಹೇಳ್ಬೇಕಿದ್ರೆ ಹೇಳಮ್ಮ, ತಿಳಿಸ್ತೀನಿ," ಅಂದರು.

ಎಷ್ಟೊಂದು ಹೇಳಬೇಕಿತ್ತು. "ಊಟ ಮಾಡಿದ್ಯಾ ಅಂತ ಕೇಳಿ," ಅಂದೆ.

ಒಳಗೆ ಹೋಗಿ ಬಂದರು. ನಗುತ್ತಿದ್ದರು. "ಮಾಡಿದೆ ಅಂದ್ಲು. ಯಾರು ಕೇಳಿದ್ದು ಅಂತ ಗೊತ್ತು ಅಂತ ಹೇಳು ಅಂದ್ಲು."

ಅಂಗಡಿಯ ಕಡೆ ನಡೆದೆ. ರಸ್ತೆಯ ತುಂಬ ಜನ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಬೈದು ಹೋದ. ಹೂವಿನ ಕುಂಡಕ್ಕೆ ನೀರು ಹಾಕುತ್ತಿದ್ದ ಹೆಂಗಸು ನನ್ನ ಕಾಲ ಮೇಲೂ ಚೆಲ್ಲಿ, "ಕಾಣ್ಲಿಲ್ಲ ಕಣಮ್ಮ," ಅಂದಳು. ನಿಜ ಇರಬೇಕು. ಎಷ್ಟೋ ಜನಕ್ಕೆ ನಾನು ಕಾಣುವುದಿಲ್ಲ.

ಒಂದೇ ವಿಷಯ ತಲೆಯಲ್ಲಿ ಸುತ್ತುತ್ತಿತ್ತು. ಆ ಹೊಲಿಗೆ ಯಾಕೆ ಹಾಗೇ ಉಳಿಯಿತು?

ಶಾಲೆ ಬಿಟ್ಟು ಬೆಂಚಿನ ಎದುರು ಕೂತಾಗಿನಿಂದ, ಆ ಅಂಗಡಿಯಿಂದ ಹೊರಬಿದ್ದ ಸಣ್ಣ ಕತ್ತಿನ ಪಾತ್ರೆಗಳೆಲ್ಲ ನನ್ನ ಕೈಯಲ್ಲಿ ಉಜ್ಜಿಸಿಕೊಂಡೇ ಹೋಗಿವೆ. ದೊಡ್ಡಪ್ಪನ ಅಂಗೈ ದೊಡ್ಡದು, ಗಂಟು ಬಿದ್ದ ಬೆರಳು. ಅವರ ಕೈ ಒಳಗೆ ಹೋಗುವುದಿಲ್ಲ, ನಾನು ಬರುವ ಮುಂಚೆ ಅಂಥ ಕೆಲಸವನ್ನೇ ಅವರು ಹಿಡಿಯುತ್ತಿರಲಿಲ್ಲ. ಹೊಲಿಗೆ ಉಳಿದಿದೆ ಅಂದರೆ ಆಗ ನಾನು ಅಲ್ಲಿರಲಿಲ್ಲ.

ನಾನು ಇಲ್ಲದಿದ್ದ ಕಾಲ ಒಂದೇ ಒಂದು. ಬೆಂಚಿಗೆ ಬಂದ ಹೊಸತರಲ್ಲಿ, ಹತ್ತು ವರ್ಷಕ್ಕೂ ಹಿಂದೆ, ಕೆಟ್ಟ ಜ್ವರ ಹಿಡಿದು ಚಿಕ್ಕಮ್ಮನ ಮನೆಯಲ್ಲಿ ತಿಂಗಳಾನುಗಟ್ಟಲೆ ಮಲಗಿದ್ದೆ. ಆಗ ಚಿಕ್ಕಮ್ಮ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. ಮೂಲೆಮನೆಯ ಬಾಗಿಲು ಯಾವ ಕಡೆಗಿದೆ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ.

ಚಿಕ್ಕಮ್ಮ ಕದ್ದಿಲ್ಲ. ನನಗೆ ಗೊತ್ತಾಯಿತು. ಆದರೆ ಅದನ್ನು ಹೇಳಬೇಕಾದರೆ ದೊಡ್ಡಪ್ಪನ ಹೆಸರು ಹೇಳಬೇಕು. ಹೇಳಿದರೂ ಯಾರು ನಂಬುತ್ತಾರೆ? ನನಗೆ ಜ್ವರ ಬಂದಿತ್ತು ಅನ್ನುವುದು ಯಾವ ಕೋರ್ಟಿನಲ್ಲಿ ನಡೆಯುವ ಸಾಕ್ಷಿ?

*

ಊಟದ ಹೊತ್ತು. ಷಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದೆ. ದೊಡ್ಡಪ್ಪ ಎರಡು ತಟ್ಟೆ ಹಾಕಿ ಕಾಯುತ್ತಿದ್ದರು.

"ಏನಂದ್ಲು?"

"ಊಟ ಮಾಡಿದ್ಲಂತೆ. ಯಾರು ಕೇಳಿದ್ದು ಅಂತ ಗೊತ್ತಂತೆ."

"ನೀನೇ ಬಾಯಿ ಬಿಟ್ಟಿರ್ತೀಯ."

"ನಾನು ಬಾಯಿ ಬಿಡೋದನ್ನ ನೀವು ಯಾವಾಗ ನೋಡಿದ್ರಿ?"

ಅವರು ನಕ್ಕರು. ಅವರು ನಕ್ಕರೆ ಮೀಸೆ ಮಾತ್ರ ಅಲ್ಲಾಡುತ್ತದೆ. ಆ ನಗು ಮುಗಿಯಲಿ ಅಂತ ಕಾದೆ. ಇನ್ನು ಎಷ್ಟು ಕಾಲಕ್ಕೆ ಮತ್ತೆ ನೋಡುತ್ತೇನೋ ಅನ್ನಿಸಿತು.

"ದೊಡ್ಡಪ್ಪ."

"ಹೂಂ."

"ನನಗೆ ಜ್ವರ ಬಂದಿತ್ತಲ್ಲ, ಆಗ ಮಾಡಿದ್ರಾ?"

ಏನನ್ನು ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಲೋಟ ಎತ್ತಿ ನೀರು ಕುಡಿದು, ಬಾಯಿ ಒರೆಸಿಕೊಂಡರು.

"ಯಾರು ಹೇಳಿದ್ರು?"

"ನೀವೇ. ಹೊಲಿಗೆ ಹಾಗೇ ಬಿಟ್ಟಿದ್ದೀರಿ. ನಾನಿದ್ದಿದ್ರೆ ಉಜ್ಜಿರ್ತಿದ್ದೆ."

"ಕೈ ಹೋಗ್ಲಿಲ್ಲ ಕಣೇ." ತಮ್ಮ ಎಡಗೈಯನ್ನು ಬೇರೆ ಯಾರದೋ ಅನ್ನುವಂತೆ ನೋಡಿದರು. "ಕಡ್ಡಿಗೆ ಅರ ಕಟ್ಟಿ ನೋಡ್ದೆ. ತಂತಿ ಬಗ್ಗಿಸಿ ನೋಡ್ದೆ. ಕೊನೆಗೆ, ಒಳಗೆ ಯಾರು ಕೈ ಹಾಕ್ತಾರೆ ಅಂತ ಬಿಟ್ಟೆ."

"ನಾನು ವಾಪಸು ಬಂದ ಮೇಲೆ ಕೊಡಬಹುದಿತ್ತು."

"ಕೊಟ್ಟಿದ್ರೆ ನೀನೂ ಅದರಲ್ಲಿ ಸೇರಿದ ಹಾಗಾಗ್ತಿತ್ತು."

ಹೊರಗೆ ಯಾರೋ ಷಟರಿನ ಮುಂದೆ ನಿಂತು, ಅರ್ಧ ಎಳೆದದ್ದನ್ನು ನೋಡಿ ಹೊರಟುಹೋದರು. ಅವರ ಕಾಲುಗಳು ಮಾತ್ರ ಕಂಡವು.

"ಯಾರು ಮಾಡಿಸಿದ್ದು?"

"ಇನ್ಯಾರು. ಅಜ್ಜಿ." ದೊಡ್ಡಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಒಬ್ಬರೇ ಬಂದಿದ್ರು, ಚೀಲದಲ್ಲಿ ಹೂಜಿ ಇಟ್ಕೊಂಡು. ಮಗ ಮನೆಗೆ ಬಂದ್ರೆ ಮೊದಲು ಕಪಾಟು ನೋಡ್ತಾನೆ, ಆಮೇಲೆ ನನ್ನ ಮುಖ ನೋಡ್ತಾನೆ ಅಂದ್ರು. ಹೂಜಿ ಕೊಟ್ಟುಬಿಟ್ರೆ ಮತ್ತೆ ಬರಲ್ಲ, ಕೊಡದೇ ಇದ್ರೆ ಒಂದಿನ ಎತ್ತಿಕೊಂಡೇ ಹೋಗ್ತಾನೆ. ಕಪಾಟಲ್ಲಿ ಒಂದು ಇರಲಿ, ಅಸಲಿ ನಿನ್ನ ಹತ್ರ ಇರಲಿ, ಕೇಳಿದಾಗ ಕೊಡು ಅಂದ್ರು."

"ಮುದ್ರೆ?"

"ಅವನು ತಿರುಗಿಸಿ ತಳ ನೋಡೋನು. ಅದಕ್ಕೆ ಅದೇ ಜೊತೆಯ ಒಂದು ಸೀಳು ಬಿಟ್ಟ ತಟ್ಟೆ ಅವರೇ ತಂದಿದ್ರು. ಬೇಡ ಅಂದೆ ಕಣೇ. ಮುದ್ರೆ ಕತ್ತರಿಸಿ ಕೂಡಿಸೋದು ಅಪರಾಧ, ನನ್ನ ಅಂಗಡಿ ಹೋಗುತ್ತೆ ಅಂದೆ. ಆ ಮುದುಕಿ ಅಲ್ಲೇ, ಈಗ ನೀನು ಕೂತಿದ್ದೀಯಲ್ಲ, ಅಲ್ಲೇ ಕೂತ್ಕೊಂಡು 'ನನಗೆ ಇನ್ಯಾರಿದ್ದಾರೆ' ಅಂದ್ರು."

ನಾನು ಕೂತಿದ್ದ ಸ್ಟೂಲು ಆಗ ಖಾಲಿ ಇದ್ದಿರಬೇಕು. ಅವರೂ ಒಬ್ಬರೇ ಇದ್ದಿರಬೇಕು.

"ಆಮೇಲೆ ಕೇಳಲಿಲ್ವಾ?"

"ಮರೆವು ಬಂತಲ್ಲ. ಒಂದ್ಸಲ ದಾರೀಲಿ ಸಿಕ್ಕಾಗ ಹೂಜಿ ಅಂದೆ. ನೀವು ಯಾರು ಅಂತ ಕೇಳಿದ್ರು. ಆಮೇಲೆ ನಿನ್ನ ಚಿಕ್ಕಮ್ಮ ನೋಡ್ಕೊಳ್ಳೋಕೆ ಸೇರಿದ್ಲು. ಅವಳಿಗೂ ಹೇಳೋಣ ಅಂದ್ರೆ, ಮಾತೇ ಇಲ್ವಲ್ಲ."

"ನನ್ನ ಕೈಲಿ ಹೇಳಿ ಕಳಿಸಬಹುದಿತ್ತು. ಉಳಿದದ್ದೆಲ್ಲ ಹೇಳಿ ಕಳಿಸ್ತೀರಿ."

ಅವರು ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದರು.

"ಅಸಲಿ ಎಲ್ಲಿದೆ?"

ಅವರು ಎದ್ದು ಕುಲುಮೆ ಇರುವ ಒಳಕೋಣೆಗೆ ಹೋದರು. ಹಳೆಯ ಕಂಬಳಿಯ ಗಂಟೊಂದನ್ನು ತಂದು ಬೆಂಚಿನ ಮೇಲಿಟ್ಟು ಬಿಚ್ಚಿದರು.

ಬೆಳ್ಳಿ ಅಂತ ಹೇಳಲಾಗದಷ್ಟು ಕಪ್ಪಾಗಿತ್ತು. ಹೊಟ್ಟೆಯೆಲ್ಲ ಇದ್ದಿಲು, ಕತ್ತಿನ ಹತ್ತಿರ ಮಾತ್ರ ನೇರಳೆ, ಹಿಡಿಯ ಸಂದಿಯಲ್ಲಿ ನವಿಲುಗರಿಯ ಬಣ್ಣದ ಎಳೆ. ಯಾರ ಬೆರಳ ಗುರುತೂ ಇಲ್ಲ. ತಿರುಗಿಸಿದೆ. ಸೂರ್ಯ, ಹುಂಜ, ಅಕ್ಷರ, ಎಲೆ. ಸವೆತವೇ ಇರಲಿಲ್ಲ. ಎಲೆಯ ನರಗಳು ಕೂಡ ಕಪ್ಪಿನೊಳಗೆ ಒಂದೊಂದಾಗಿ ನಿಂತಿದ್ದವು.

"ಒಂದ್ಸಲವೂ ತಿಕ್ಕಲಿಲ್ವಾ?"

"ನನ್ನದಲ್ವಲ್ಲ."

ಇಷ್ಟು ಮಾತು ಒಟ್ಟಿಗೆ ಆಡಿ ಗೊತ್ತೇ ಇರಲಿಲ್ಲ. "ದೊಡ್ಡಪ್ಪ, ಇದೇ ಸಾಕು. ಪರೀಕ್ಷಕಿ ಅಂದ್ರು, ಕಪ್ಪು ನೋಡಿದ್ರೆ ಎಷ್ಟು ಕಾಲದ್ದು ಅಂತ ಗೊತ್ತಾಗುತ್ತಂತೆ. ಅವರೇ ಬರೆದುಕೊಡ್ತಾರಂತೆ. ಚಿಕ್ಕಮ್ಮ ಆ ಮನೆಗೆ ಹೋಗೋಕೆ ಮುಂಚಿಂದಾನೂ ಇದು ಇಲ್ಲಿತ್ತು ಅಂತ ಆದ್ರೆ, ನಾಳೆನೇ ಬಿಟ್ಟುಬಿಡ್ತಾರೆ."

"ಇಲ್ಲಿತ್ತು ಅಂತ?" ದೊಡ್ಡಪ್ಪ ನನ್ನ ಮುಖ ನೋಡಿದರು. "ಇದು ಯಾರ ಅಂಗಡೀಲಿ ಸಿಕ್ತು ಅಂತ ಕೇಳಲ್ವಾ? ನಿನ್ನ ದೊಡ್ಡಪ್ಪನ ಅಂಗಡೀಲಿ. ಕಪಾಟಿನ ಕೀಲಿ ಯಾರ ಹತ್ರ? ನಿನ್ನ ಚಿಕ್ಕಮ್ಮನ ಹತ್ರ. ನಡುವೆ ಓಡಾಡೋಳು ಯಾರು? ನೀನು. ಮೂರು ಜನಾನೂ ಒಂದೇ ಹಗ್ಗದಲ್ಲಿ ಕಟ್ತಾರೆ."

"ಕಪ್ಪು ಇದೆಯಲ್ಲ!"

"ಬೇಯಿಸಿದ ಮೊಟ್ಟೆ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ಈ ಕಪ್ಪನ್ನ ಒಂದು ಮಧ್ಯಾಹ್ನದಲ್ಲಿ ಬರಿಸಬಹುದು ಅಂತ ಆ ಮಗನ ವಕೀಲ ಹೇಳ್ತಾನೆ. ಬೆಳ್ಳಿ ಕೆಲಸದವನ ಮನೇಲಿ ಸಿಕ್ಕ ಕಪ್ಪನ್ನ ಯಾರು ನಂಬ್ತಾರೆ?"

"ಪರೀಕ್ಷಕಿ ನಂಬ್ತಾರೆ. ಎರಡಕ್ಕೂ ಇರೋ ವ್ಯತ್ಯಾಸ ಅವರಿಗೆ ಗೊತ್ತಾಗುತ್ತೆ."

"ಗೊತ್ತಾಗದೇ ಇದ್ರೆ?"

ಹೂಜಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿದೆ. ನನಗೂ ಗೊತ್ತಿರಲಿಲ್ಲ.

"ಅಸಲಿ ಸಿಗದೇ ಇದ್ರೆ ಕದ್ದದ್ದು ಅಂತ ಹೇಗೆ ಹೇಳ್ತಾರೆ?" ಅವರ ದನಿ ಮೆತ್ತಗಾಯಿತು. "ಮನೇಲಿ ಮೊದಲಿಂದಾನೂ ನಕಲಿಯೇ ಇತ್ತು ಅಂತ ಆಗುತ್ತೆ. ಎರಡು ದಿನ ಇಟ್ಕೊಂಡು ಬಿಟ್ಟುಬಿಡ್ತಾರೆ. ಮಾಲಿಲ್ಲ, ಕಳ್ಳತನ ಇಲ್ಲ."

"ಬಿಡದೇ ಇದ್ರೆ?"

ಅವರು ಕಂಬಳಿಯ ಅಂಚು ಎಳೆದು ನೇರ ಮಾಡಿದರು.

ಹೇಳಬಾರದು ಅಂದುಕೊಂಡಿದ್ದನ್ನು ಹೇಳಿಬಿಟ್ಟೆ. "ಹೊಲಿಗೆ ಎಡಗೈಯದು ಅಂತ ಅವರಿಗೆ ಗೊತ್ತಾಗಿದೆ. ನಾಳೆ ಅಂಗಡಿ ಅಂಗಡಿಗೂ ಬರ್ತಾರೆ."

"ಹೇಗೆ ಗೊತ್ತಾಯ್ತು?"

"ನಾನು ಹೇಳ್ದೆ. ಕೈ ಒಳಗೆ ಬಿಟ್ಟು ನೋಡು ಅಂದ್ರು. ಯಾವ ಕಡೆ ವಾಲಿವೆ ಅಂತ ಕೇಳಿದ್ರು."

ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿದರು. ಅರ ಹಿಡಿದು ಹಿಡಿದು ಗಟ್ಟಿಯಾದ ಬೆರಳ ತುದಿಗಳನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು.

"ಸರಿಯಾಗಿ ಹೇಳಿದ್ದೀಯ," ಅಂದರು. "ಕಲಿಸಿದ್ದು ನಾನೇ ಅಲ್ವಾ."

ಆಮೇಲೆ ಕೈ ಬಿಟ್ಟರು. ಕಂಬಳಿಯನ್ನು ಮಡಿಕೆ ಮಡಿಕೆಯಾಗಿ ಹೂಜಿಯ ಮೇಲೆ ಹೊದಿಸಿದರು, ಮಲಗಿದ ಮಗುವಿಗೆ ಹೊದಿಸಿದ ಹಾಗೆ. ಎತ್ತಿಕೊಂಡರು.

"ಊಟ ಆರ್ತಿದೆ. ನೀನು ಮಾಡು."

"ಎಲ್ಲಿಗೆ?"

"ಎಲ್ಲಿತ್ತೋ ಅಲ್ಲೇ ಇಟ್ಟು ಬರ್ತೀನಿ."

ಒಳಕೋಣೆಯ ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಕೇಳಿತು. ಆ ಬಾಗಿಲಿಗೆ ಚಿಲಕ ಹಾಕಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ತಟ್ಟೆಯ ಮುಂದೆ ಕೂತೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಅಸಲಿ ಸಿಕ್ಕರೆ ದೊಡ್ಡಪ್ಪ ಜೈಲಿಗೆ ಹೋಗುತ್ತಾರೆ, ಸಿಗದಿದ್ದರೆ ಚಿಕ್ಕಮ್ಮ ಹೋಗುತ್ತಾಳೆ. ನನ್ನನ್ನು ಹೆಸರು ಹಿಡಿದು ಕರೆಯುವವರು ಈ ಊರಿನಲ್ಲಿ ಅವರಿಬ್ಬರೇ. ಇಬ್ಬರಲ್ಲಿ ಯಾರು ಬೇಕು ಅಂತ ಯಾರೂ ನನ್ನನ್ನು ಕೇಳಲಿಲ್ಲ. ಚಿಕ್ಕಂದಿನಲ್ಲಿ ಹಂಚಿಕೊಂಡಾಗಲೂ ಕೇಳಿರಲಿಲ್ಲ.

ಆಗ ಗಾಳಿಯ ಸದ್ದು ಶುರುವಾಯಿತು.

ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಕುಲುಮೆಯ ಬ್ಲೋವರ್. ಬಾಗಿಲಿನ ಕೆಳಗಿನ ಸಂದಿಯಲ್ಲಿ ಕೆಂಪು ಬೆಳಕಿನ ಗೆರೆ ಮೂಡಿತು.

ಎದ್ದು ಓಡಿದೆ. ಸ್ಟೂಲು ಹಿಂದಕ್ಕೆ ಬಿತ್ತು. ಬಾಗಿಲು ತಳ್ಳಿದೆ, ಅಲ್ಲಾಡಲಿಲ್ಲ. ಕುಲುಮೆ ಕಾಯಲು ಸ್ವಲ್ಪ ಹೊತ್ತು ಬೇಕು. ಕಾದ ಮೇಲೆ ಕಪ್ಪು ಮೊದಲು ಹೋಗುತ್ತದೆ. ಅಷ್ಟು ವರ್ಷದ ಕಪ್ಪು ಒಂದು ಉಸಿರಿನಲ್ಲಿ ಹಾರಿಹೋಗಿ, ಕರಗುವ ಮುಂಚೆ, ಹೂಜಿ ಇನ್ನೂ ಹೂಜಿಯಾಗಿರುವಾಗಲೇ ಬೆಳ್ಳಗಾಗಿಬಿಡುತ್ತದೆ. ಆಮೇಲೆ ಅದು ಏನನ್ನೂ ಹೇಳಲಾರದು.

ಬಾಗಿಲು ಬಡಿದೆ. "ದೊಡ್ಡಪ್ಪ!"

ಬ್ಲೋವರ್ ಸದ್ದು ಏರಿತು. ಇಕ್ಕಳ ನೆಲಕ್ಕೆ ತಾಗಿದ ಸದ್ದು.

"ದೊಡ್ಡಪ್ಪ, ನಾನು ಬೇರೆ ಏನೂ ಕೇಳಲ್ಲ."

ಬಾಗಿಲಿಗೆ ಹಣೆ ಒತ್ತಿ ನಿಂತೆ. ಒಳಗೆ ಹೆಜ್ಜೆಗಳು ಬಾಗಿಲ ಹತ್ತಿರ ಬಂದವು. ನಿಂತವು. ಬಾಗಿಲಿನ ಆ ಕಡೆ ಅವರು ಉಸಿರಾಡುವುದು ನನಗೆ ಕೇಳಿಸುತ್ತಿತ್ತು.

"ಅದನ್ನ ಕಪ್ಪಿರೋ ಹಾಗೇ ನನ್ನ ಕೈಗೆ ಕೊಡಿ," ಅಂದೆ.